ಉಪ್ಪುನೀರಿನ ಮೀನಿನ ಮೊದಲ ತೊಟ್ಟಿ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಮೇ ತಿಂಗಳ ಒಂದು ಭಾನುವಾರ. ಇನ್ನೂ ಬೆಳಗಿನ ಕಾಫಿ ಆಗಿರಲಿಲ್ಲ, ಮುಂಬೈ ಪಕ್ಕದ ಡೊಂಬಿವಿಲಿಯಿಂದ ಭಾವನ ಫೋನು.

"ಮೀನು ಬಾಯಿ ಬಾಯಿ ಬಿಡ್ತಾ ಇದೆ ಮಾರಾಯ. ಯಾವ ಮದ್ದು ಹಾಕ್ಲಿ?"

"ಏನೂ ಹಾಕ್ಬೇಡಿ ಭಾವ. ನಾನು ಬರ್ತೇನೆ. ಅಲ್ಲಿವರೆಗೆ ಅದಕ್ಕೆ ಊಟಾನೂ ಬೇಡ."

ಮೆಗಾಬ್ಲಾಕ್ ಇತ್ತು, ಅಂದರೆ ಹಳಿ ರಿಪೇರಿಗಾಗಿ ಲೋಕಲ್ ರೈಲು ಕಡಿಮೆ. ಮುಲುಂಡ್‌ನಿಂದ ಹೋಗಿ ತಲುಪುವಷ್ಟರಲ್ಲಿ ಒಂದೂವರೆ ಗಂಟೆ. ಚೀಲದಲ್ಲಿ ನಾಲ್ಕೇ ಸಾಮಾನು: ಥರ್ಮಾಮೀಟರ್, ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ಸಾಧನ), ಅಮೋನಿಯಾ ಟೆಸ್ಟ್ ಕಿಟ್, ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವುದು). ಮದ್ದಿನ ಬಾಟಲಿ ಒಂದೂ ಇಲ್ಲ. ಅದಕ್ಕೆ ಕಾರಣ ಇದೆ. ನನ್ನ ಮೊದಲ ತೊಟ್ಟಿಯಲ್ಲೂ ಮೀನು ಹೀಗೇ ಏದುಸಿರು ಬಿಟ್ಟಿತ್ತು. ರೋಗ ಅಂದುಕೊಂಡು ತಾಮ್ರ ಇರುವ ಔಷಧಿ ಸುರಿದೆ. ಮೀನು ಹೇಗೋ ಉಳಿಯಿತು. ಬಸವನಹುಳು, ಸನ್ಯಾಸಿ ಏಡಿ ಒಂದೂ ಉಳಿಯಲಿಲ್ಲ. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ವಿಷ. ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಬಿಡುತ್ತಲೇ ಇರುತ್ತವೆ. ಕೊನೆಗೆ ಕಲ್ಲು ಮರಳು ಎಲ್ಲಾ ಎಸೆದು ಹೊಸದು ಹಾಕಬೇಕಾಯಿತು. ಆಗಿದ್ದ ತೊಂದರೆ ರೋಗವೇ ಅಲ್ಲ, ತಪ್ಪು ಅಳತೆ ತೋರಿಸಿದ ಮೀಟರಿನದು.

ಹಾಗಾಗಿ ಈಗ ನನ್ನ ಕ್ರಮ ಒಂದೇ. ಮೊದಲು ಅಳತೆ. ಅಳೆಯುವುದಕ್ಕೂ ಮುಂಚೆ, ಅಳೆಯುವ ಸಾಧನ ಸರಿ ಇದೆಯಾ ಅಂತ ನೋಡುವುದು.

ಮೀನು ಏದುಸಿರು ಬಿಡುತ್ತಿದೆ

ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ವಿಷಯ ನೋಡಬೇಕು: ಬಿಸಿ, ನೀರಿನ ಅಲುಗಾಟ, ಉಪ್ಪು, ಅಮೋನಿಯಾ. ಈ ಕ್ರಮ ಯಾಕೆ ಅಂದರೆ, ಬೇಗ ನೋಡಬಹುದಾದದ್ದು ಮೊದಲು, ತಡ ಆಗುವುದು ಆಮೇಲೆ. ಅಷ್ಟೇ.

ಬಿಸಿ. 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. 30 ದಾಟಿದರೆ ತೊಂದರೆ ಶುರು. ಗಾಜಿಗೆ ಅಂಟಿಸುವ ಪಟ್ಟಿ ಥರ್ಮಾಮೀಟರನ್ನು ನಂಬಬೇಡಿ. ಕೋಣೆಯ ಗಾಳಿಯೂ ಅದಕ್ಕೆ ತಾಗುತ್ತದೆ. ನೀರೊಳಗೆ ಮುಳುಗುವಂಥದ್ದು ಬೇಕು. ಮುಂಬೈಯಲ್ಲಿ ಏಪ್ರಿಲ್, ಮೇ, ಅಕ್ಟೋಬರ್ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯೇ 31, 32 ಡಿಗ್ರಿ ಇರುತ್ತದೆ. ಪಂಪು, ಲೈಟುಗಳ ಬಿಸಿ ಅದರ ಮೇಲೆ ಸೇರುತ್ತದೆ. ಇಷ್ಟಿದ್ದೂ ಜನ ತೊಟ್ಟಿಯ ಜೊತೆ ಬಂದ ಹೀಟರನ್ನು ಭಕ್ತಿಯಿಂದ ಹಾಕಿಟ್ಟಿರುತ್ತಾರೆ. ಹೀಟರಿನ ಒಳಗಿನ ಸ್ವಿಚ್ ಅಂಟಿಕೊಂಡರೆ ಅದು ಆರುವುದೇ ಇಲ್ಲ. ಬೇಸಿಗೆಯಲ್ಲಿ ನೀರು ಜಾಸ್ತಿ ಬಿಸಿ ಅನ್ನಿಸಿದರೆ ಮೊದಲು ಹೀಟರಿನ ಪ್ಲಗ್ ಕಿತ್ತು ಎರಡು ಗಂಟೆ ಬಿಟ್ಟು ನೋಡಿ. ಪುಣೆಯ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕಾಗಬಹುದು. ನಮ್ಮಲ್ಲಿ ವರ್ಷದ ಬಹುಪಾಲು ಅದು ಕಪಾಟಿನಲ್ಲಿ ಇರುವುದೇ ವಾಸಿ.

ಭಾವನ ತೊಟ್ಟಿ 28.5 ತೋರಿಸಿತು. ನೀರಿನ ಮೇಲೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನು ಕಟ್ಟಿದ್ದರು. ಒಳ್ಳೆ ಕೆಲಸ. ಬಿಸಿ ಕಾರಣ ಅಲ್ಲ. ಆದರೆ ಆ ಫ್ಯಾನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಅದೇ ಸಿಕ್ಕಿಬೀಳುತ್ತದೆ.

ಅಲುಗಾಟ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬಿಸಿ ಏರಿದಷ್ಟೂ ಇನ್ನೂ ಕಡಿಮೆ. ಮೇಲ್ಭಾಗದಲ್ಲಿ ಎಣ್ಣೆಪದರ ಕಟ್ಟಿ ನೀರು ಅಲುಗದೆ ನಿಂತಿದ್ದರೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಪವರ್‌ಹೆಡ್ಡಿನ (ತೊಟ್ಟಿಯೊಳಗೆ ನೀರು ತಳ್ಳುವ ಪಂಪಿನ) ಮೂತಿ ಮೇಲಕ್ಕೆ ತಿರುಗಿಸಿ. ಅರ್ಧ ಗಂಟೆಯಲ್ಲಿ ವ್ಯತ್ಯಾಸ ಕಂಡರೆ ಕಾರಣ ಸಿಕ್ಕಿತು. ಭಾವನ ಮೀನು ಮೇಲೆ ಬಂದಿರಲಿಲ್ಲ. ಎರಡೂ ಕ್ಲೌನ್ ಮೀನು ಮೂಲೆಯಲ್ಲಿ ತಳದ ಹತ್ತಿರ ನಿಂತು ಕಿವಿರು ಬಡಿಯುತ್ತಿದ್ದವು. ಬಸವನಹುಳುಗಳು ಚಿಪ್ಪೊಳಗೆ ಸೇರಿ ಅಲುಗದೆ ಬಿದ್ದಿದ್ದವು. ಮೀನು, ಹುಳು ಎರಡಕ್ಕೂ ಒಟ್ಟಿಗೆ ಕಷ್ಟ ಬಂದಿದೆ ಅಂದರೆ ನನ್ನ ಅನುಮಾನ ಮೊದಲು ನೀರಿನ ಮೇಲೆ. ಮೀನಿಗೆ ಬರುವ ರೋಗ ಬಸವನಹುಳಕ್ಕೆ ಅಂಟುವುದಿಲ್ಲ.

ಉಪ್ಪಿನ ಮೀಟರ್ ಸುಳ್ಳು ಹೇಳಿದರೆ

"ಉಪ್ಪು ಸರಿಯಾಗಿದೆ, ದಿನಾ ನೋಡ್ತೇನೆ" ಅಂದರು ಭಾವ. ಅವರ ಹೈಡ್ರೋಮೀಟರ್, ಅಂದರೆ ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ ಮೀಟರ್, 1.024 ತೋರಿಸುತ್ತಿತ್ತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಮೇಲೆ ಕೆಳಗೆ ಆಡುವ ಅಗ್ಗದ ಮಾದರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ ನಂಬಿಕೊಂಡಿದ್ದರು.

ನನ್ನ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದರೆ 44 ಪಿಪಿಟಿ, ಅಂದರೆ ಸಾವಿರ ಪಾಲಿನಲ್ಲಿ 44 ಪಾಲು ಉಪ್ಪು! ಇರಬೇಕಾದದ್ದು 35. ಭಾವನ ಮೀಟರಿನ ಅಳತೆಯಲ್ಲಿ ಹೇಳುವುದಾದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಸುಮಾರು 1.026.

ಮುಳ್ಳಿನ ಹೈಡ್ರೋಮೀಟರ್ ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮುಳ್ಳನ್ನು ಎತ್ತುತ್ತದೆ. ಆಗ ಇರುವುದಕ್ಕಿಂತ ಜಾಸ್ತಿ ಉಪ್ಪು ಕಾಣಿಸುತ್ತದೆ. ಮುಳ್ಳಿನ ಮೇಲೆ ಉಪ್ಪಿನ ಹರಳು ಕಟ್ಟಿದರೆ ಮುಳ್ಳು ಭಾರವಾಗುತ್ತದೆ. ಆಗ ಇರುವುದಕ್ಕಿಂತ ಕಡಿಮೆ ಕಾಣಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯ, ಯಾಕಂದ್ರೆ ಉಪ್ಪು ಏರುತ್ತಾ ಹೋದರೂ ನೀವು ನೆಮ್ಮದಿಯಾಗಿ ಇರುತ್ತೀರಿ. ಭಾವ ಪ್ರತಿ ಸಲ ಬಳಸಿ ಹಾಗೇ ಕಿಟಕಿಯ ಮೇಲೆ ಇಟ್ಟುಬಿಡುತ್ತಿದ್ದರು. ಮುಳ್ಳು ತಿರುಗುವ ಕೀಲಿನ ಸುತ್ತ ಬಿಳಿ ಹರಳು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆದ ಮೇಲೆ ಅದೇ ಮೀಟರಿನ ಮುಳ್ಳು ಪಟ್ಟಿಯ ತುದಿಗೇ ಹೋಗಿ ನಿಂತಿತು.

ರಿಫ್ರ್ಯಾಕ್ಟೋಮೀಟರ್ ಇದ್ದವರು ಬೀಗಬೇಕಿಲ್ಲ. ಅದನ್ನೂ ಸರಿಹೊಂದಿಸಬೇಕು. ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಕು ಅಂತ ಡಬ್ಬಿಯಲ್ಲಿ ಬರೆದಿರುತ್ತಾರೆ. ಆದರೆ ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲಿ ಸರಿ ಇರಬೇಕೆಂದಿಲ್ಲ. 35ರ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. 36.5 ಗ್ರಾಂ ಅಡುಗೆ ಉಪ್ಪು, 963.5 ಗ್ರಾಂ ಶುದ್ಧ ನೀರು. ಬೆಳಕನ್ನು ಇದು 35 ಪಿಪಿಟಿ ಸಮುದ್ರದ ನೀರಿನಷ್ಟೇ ಬಾಗಿಸುತ್ತದೆ, ಹಾಗಾಗಿ ಮೀಟರ್ 35 ತೋರಿಸಬೇಕು. ಅಡುಗೆಮನೆಯ ತಕ್ಕಡಿ ದಶಮಾಂಶ ತೋರಿಸದಿದ್ದರೆ ಎಲ್ಲವನ್ನೂ ದುಪ್ಪಟ್ಟು ಮಾಡಿ: 73 ಗ್ರಾಂ ಉಪ್ಪು, 1927 ಗ್ರಾಂ ನೀರು. ಇದು ಮೀಟರ್ ಪರೀಕ್ಷೆಗೆ ಮಾತ್ರ. ಈ ನೀರನ್ನು ತೊಟ್ಟಿಗೆ ಸುರಿಯಬೇಡಿ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಏನೂ ಇರುವುದಿಲ್ಲ.

ಆದರೆ 44 ಆದದ್ದು ಹೇಗೆ?

ಮೀಟರ್ ತಪ್ಪನ್ನು ಮುಚ್ಚಿಟ್ಟಿತು, ಸರಿ. ತಪ್ಪು ಮಾಡಿದವರು ಯಾರು? ಆ ಫ್ಯಾನು ದಿನಕ್ಕೆ ಒಂದೂವರೆ ಲೀಟರ್ ನೀರು ಆರಿಸುತ್ತಿತ್ತು. ಕಡಿಮೆಯಾದಷ್ಟನ್ನು ಭಾವ ಬಕೆಟ್ಟಿನಲ್ಲಿ ಕಲಸಿಟ್ಟ ಉಪ್ಪುನೀರಿನಿಂದ ತುಂಬುತ್ತಿದ್ದರು. "ಉಪ್ಪುನೀರಿನ ತೊಟ್ಟಿ ಅಲ್ವಾ, ಉಪ್ಪುನೀರೇ ಹಾಕಬೇಕಲ್ಲ?"

ಆರಿಹೋಗುವುದು ನೀರು ಮಾತ್ರ. ಉಪ್ಪು ಅಲ್ಲೇ ಉಳಿಯುತ್ತದೆ. ಲೆಕ್ಕ ನೋಡಿ. ತೊಟ್ಟಿ 3 ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಕಲ್ಲು ಮರಳು ಕಳೆದರೆ ಸುಮಾರು 110 ಲೀಟರ್ ನೀರು. ದಿನಕ್ಕೆ ಒಂದೂವರೆ ಲೀಟರ್ ಉಪ್ಪುನೀರು ಅಂದರೆ 52 ಗ್ರಾಂ ಹೊಸ ಉಪ್ಪು. ಫ್ಯಾನು ಕಟ್ಟಿ 20 ದಿನ ಆಗಿತ್ತು. ಒಂದು ಕಿಲೋಗಿಂತ ಜಾಸ್ತಿ! ಅದನ್ನು 110 ಲೀಟರಿಗೆ ಹಂಚಿದರೆ 9 ಪಿಪಿಟಿ ಚಿಲ್ಲರೆ. 35ಕ್ಕೆ ಕೂಡಿಸಿ. ಮೀಟರ್ ತೋರಿಸಿದ ಅಂಕಿ ಬಂತಲ್ಲ?

ಇಂಥ ಲೆಕ್ಕ ತಾಳೆಯಾದ ಮೇಲೇ ನಾನು ಕಾರಣ ಸಿಕ್ಕಿತು ಅನ್ನುವುದು. ಅಳತೆ ಒಂದು ಹೇಳಿ ಲೆಕ್ಕ ಇನ್ನೊಂದು ಹೇಳಿದರೆ ಇನ್ನೂ ಏನೋ ಅಡಗಿದೆ ಅಂತ ಅರ್ಥ.

ಸರಿಪಡಿಸುವಾಗ ಅವಸರ ಬೇಡ. ದಿನಕ್ಕೆ 3 ಲೀಟರ್ ತೊಟ್ಟಿಯ ನೀರು ತೆಗೆದು 3 ಲೀಟರ್ ಉಪ್ಪಿಲ್ಲದ ಶುದ್ಧ ನೀರು ಹಾಕಿದರೆ ಸುಮಾರು 1 ಪಿಪಿಟಿ ಇಳಿಯುತ್ತದೆ. ಆರಿದ್ದನ್ನು ತುಂಬುವುದು ಬೇರೆ, ಅದೂ ಉಪ್ಪಿಲ್ಲದ ನೀರೇ. 44ರಿಂದ 35ಕ್ಕೆ ಬರಲು ಎಂಟು, ಒಂಬತ್ತು ದಿನ. ಒಂದೇ ದಿನ ಇಳಿಸಿದರೆ ಮೀನು ತಡೆದರೂ ಹುಳು ಏಡಿ ತಡೆಯುವುದಿಲ್ಲ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪಿನಿಂದ ಗುರುತು ಮಾಡಿಕೊಳ್ಳಿ. ದಿನಾ ಆ ಗುರುತಿಗೆ ತುಂಬಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಾಳಿಯಲ್ಲೇ ತೇವ ಜಾಸ್ತಿ. ಅದೇ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ನೀರು ಅಷ್ಟು ಆರುವುದಿಲ್ಲ, ಅಷ್ಟು ತಣ್ಣಗೂ ಆಗುವುದಿಲ್ಲ. ಅದಕ್ಕೇ ದಿನಕ್ಕೆ ಇಷ್ಟು ಲೀಟರ್ ಅಂತ ಬಾಯಿಪಾಠ ಮಾಡಬೇಡಿ, ಗುರುತು ನೋಡಿ.

ಶುದ್ಧ ನೀರು ಅಂದರೆ ಯಾವುದು?

ಇಲ್ಲಿ ಎರಡನೇ ದೋಷ ಸಿಕ್ಕಿತು. "ಆರ್‌ಒ ನೀರು ಉಂಟಲ್ಲ" ಅಂತ ಅಕ್ಕ ಅಡುಗೆಮನೆಯ ಫಿಲ್ಟರ್ ತೋರಿಸಿದಳು. ಟಿಡಿಎಸ್ ಮೀಟರ್ ಅದ್ದಿದೆ. 85. ಶುದ್ಧ ನೀರಾಗಿದ್ದರೆ ಸೊನ್ನೆಯ ಹತ್ತಿರ ಇರಬೇಕು.

ಫಿಲ್ಟರ್ ಕೆಟ್ಟಿಲ್ಲ. ಕುಡಿಯುವ ನೀರಿನ ಆರ್‌ಒ ಇರುವುದೇ ಹಾಗೆ. ಬಾಯಿಗೆ ರುಚಿ ಇರಲಿ ಅಂತ ಅದರೊಳಗೆ ಟಿಡಿಎಸ್ ಹೊಂದಿಸುವ ತಿರುಪು ಇರುತ್ತದೆ. ಅದು ಸೋಸದ ನೀರನ್ನು ಸ್ವಲ್ಪ ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಖನಿಜದ ಕಾರ್ಟ್ರಿಜ್ ಬೇರೆ. ನಮಗೆ ಒಳ್ಳೆಯದು, ತೊಟ್ಟಿಗೆ ಅಲ್ಲ. ಪರಿಹಾರ ಸುಲಭ: ಸರ್ವೀಸಿನವರು ಬಂದಾಗ ಮೆಂಬ್ರೇನ್ (ನೀರು ಸೋಸುವ ಪೊರೆ) ಆದ ತಕ್ಷಣ, ಬೆರೆಸುವ ಜಾಗಕ್ಕಿಂತ ಮುಂಚೆ, ಇಂಗ್ಲಿಷಿನ T ಆಕಾರದ ಒಂದು ಕವಲು ಹಾಕಿಸಿ ಬೇರೆ ನಳಿಗೆ ತೆಗೆಸಿಕೊಳ್ಳಿ. ಆ ನೀರನ್ನು ಡಿಐ ರೆಸಿನ್ (ಉಳಿದ ಲವಣ ಹೀರುವ ಕಾಳು) ತುಂಬಿದ ಕೊಳವೆಯಿಂದ ಹಾಯಿಸಿದರೆ ಸೊನ್ನೆ ಬರುತ್ತದೆ.

ಮುಂಬೈ ನಗರದ ನಲ್ಲಿ ನೀರು ಭಾತ್ಸಾ, ವೈತರಣಾ, ತಾನಸಾ ಕಡೆಯ ಕೆರೆಗಳದ್ದು, ಮೆದು ನೀರು. ನಮ್ಮ ಮುಲುಂಡ್ ಮನೆಯಲ್ಲಿ ಟಿಡಿಎಸ್ 70ರ ಆಸುಪಾಸು. ಇಷ್ಟು ಮೆದು ಇದ್ದರೆ ಕ್ಲೋರಿನ್ ತೆಗೆದು ನೇರ ಹಾಕಬಹುದಲ್ಲ ಅಂತ ನನಗೂ ಅನ್ನಿಸಿತ್ತು. ಆದರೆ ಮೇ ತಿಂಗಳಲ್ಲಿ ನೀರು ಕಡಿಮೆಯಾದಾಗ ಸೊಸೈಟಿಯವರು ಟ್ಯಾಂಕರ್ ತರಿಸುತ್ತಾರೆ, ಬೋರ್‌ವೆಲ್ ನೀರು ಬೆರೆಸುತ್ತಾರೆ. ನಲ್ಲಿ ಅದೇ, ನೀರು ಅದಲ್ಲ. ಯಾರೂ ಬಂದು ಹೇಳುವುದಿಲ್ಲ. ನಿನ್ನೆವರೆಗೆ ಸರಿ ಇದ್ದ ತೊಟ್ಟಿ ಕಾರಣವಿಲ್ಲದೆ ಕೆಟ್ಟರೆ, ಸುಮ್ನೆ ಒಂದು ಸಲ ನಲ್ಲಿಯ ಟಿಡಿಎಸ್ ನೋಡಿ.

ದಾದರ್ ಚೌಪಾಟಿಯಿಂದ ಕ್ಯಾನ್‌ನಲ್ಲಿ ಸಮುದ್ರದ ನೀರೇ ತಂದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಪಕ್ಕದಲ್ಲೇ ಮಾಹಿಮ್ ಖಾಡಿಗೆ (ಕೊಲ್ಲಿಗೆ) ಮಿಠಿ ನದಿ ಬಂದು ಸೇರುತ್ತದೆ. ಅದು ಏನೇನು ಹೊತ್ತು ತರುತ್ತದೆ ಅಂತ ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ.

ಹೊಸ ತೊಟ್ಟಿ, ಮೊದಲ ತಿಂಗಳು, ಮೀನು ಸಾಯುತ್ತಿದೆ

ಇದು ಹತ್ತರಲ್ಲಿ ಒಂಬತ್ತು ಸಲ ಅಮೋನಿಯಾ ಅಂತ ನನ್ನ ಅನುಭವ. ಮೀನಿನ ಹೊಲಸು ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರುವುದರಿಂದ ಅಮೋನಿಯಾದ ವಿಷ ಇಲ್ಲಿ ಜಾಸ್ತಿ. ನೈಟ್ರೈಟ್ ಮಾತ್ರ ಸಿಹಿನೀರಿನಷ್ಟು ಕಾಡುವುದಿಲ್ಲ, ನೀರಿನ ಕ್ಲೋರೈಡ್ ಅದನ್ನು ತಡೆಯುತ್ತದೆ.

ತೊಟ್ಟಿ ತಯಾರಾಗಿದೆಯಾ ಅಂತ ತಿಳಿಯಲು ಮೀನು ಬಿಟ್ಟು ನೋಡಬೇಡಿ. 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತಯಾರು. ಹಾಕುವುದು ಅಮೋನಿಯಂ ಕ್ಲೋರೈಡ್. ನಮ್ಮ ಊರಲ್ಲಿ ಕಲಾಯಿ ಹಾಕುವವನು ಬಳಸುತ್ತಿದ್ದ ನವಸಾಗರ ಇದೇ. ಆದರೆ ಬಜಾರಿನ ಕಲಬೆರಕೆ ಬೇಡ, ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿ ತನ್ನಿ. 110 ಲೀಟರಿಗೆ 0.7 ಗ್ರಾಂ ಸಾಕು. ಒಂದು ಸಿಗಡಿ ಹಾಕಿ ಕೊಳೆಯಲು ಬಿಡಿ ಅಂತ ಅಂಗಡಿಯವರು ಹೇಳುತ್ತಾರೆ. ಅದೂ ಆಗುತ್ತದೆ. ಅಕ್ಕ ಒಪ್ಪಲಿಲ್ಲ, ಅಷ್ಟೇ.

ನೈಟ್ರೇಟ್ ಅಳೆಯುವಾಗ ಒಂದು ಎಚ್ಚರ. ಕಿಟ್ಟಿನಲ್ಲಿ ಪುಡಿ ತಳಕ್ಕೆ ಕೂರುವ ಬಾಟಲಿ ಇದ್ದರೆ ಅರ್ಧ ನಿಮಿಷ ಜೋರಾಗಿ ಕುಲುಕಿ. ಇಲ್ಲದಿದ್ದರೆ ಕಡಿಮೆ ಬಂದು ಮೋಸ ಹೋಗುತ್ತೀರಿ. ನೈಟ್ರೈಟ್ ಇನ್ನೂ ಇದ್ದರೆ ನೈಟ್ರೇಟ್ ಅಂಕಿ ಜಾಸ್ತಿ ಬರುತ್ತದೆ, ಆಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನೀರು ಹಾಲಿನ ಹಾಗೆ ಬೆಳ್ಳಗಾಗಿದೆ

ಒಂದು ಲೋಟ ನೀರು ಎತ್ತಿ ಮೇಜಿನ ಮೇಲಿಡಿ. ತಳದಿಂದ ಮೇಲಕ್ಕೆ ತಿಳಿಯಾದರೆ ಅದು ಗಾಳಿಗುಳ್ಳೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಹೊಸದಾದರೆ ಕೆಲವು ದಿನ ಹೀಗೇ. ಮೇಲಿನಿಂದ ತಿಳಿಯಾಗುತ್ತಾ ತಳದಲ್ಲಿ ಪುಡಿ ಕೂತರೆ ಮರಳಿನ ಧೂಳು, ಇಲ್ಲವೇ ಉಪ್ಪು ಕಲಸುವಾಗ ಕರಗದೆ ಪುಡಿಯಾಗಿ ಬೇರ್ಪಟ್ಟ ಕ್ಯಾಲ್ಸಿಯಂ. ಉಪ್ಪಿನ ಮೇಲೆ ನೀರು ಸುರಿದರೆ ಹೀಗಾಗುತ್ತದೆ. ನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಮಾರನೇ ದಿನಕ್ಕೂ ಲೋಟ ತಿಳಿಯಾಗದಿದ್ದರೆ ಬ್ಯಾಕ್ಟೀರಿಯಾ ಹೆಚ್ಚಾಗಿದೆ. ಊಟ ಕಡಿಮೆ ಮಾಡಿ, ನೀರು ಜೋರಾಗಿ ಅಲುಗಿಸಿ, ಕಾಯಿರಿ.

ಕಂದು ಪಾಚಿ ಮರಳನ್ನೆಲ್ಲ ಮುಚ್ಚಿದರೆ ಅದು ಡಯಾಟಮ್. ಸಿಲಿಕಾ ತಿಂದು ಬೆಳೆಯುತ್ತದೆ. ಹೊಸ ತೊಟ್ಟಿಯಲ್ಲಿ ಬಂದು ತಾನೇ ಹೋಗುತ್ತದೆ. ಹೋಗದಿದ್ದರೆ ರೆಸಿನ್ ಮುಗಿದಿದೆಯಾ ನೋಡಿ. ಸಿಲಿಕಾ ಟಿಡಿಎಸ್ ಮೀಟರಿಗೆ ಸರಿಯಾಗಿ ಕಾಣುವುದಿಲ್ಲ, ರೆಸಿನ್ ಸೋಲುವಾಗ ಮೊದಲು ನುಸುಳುವುದೂ ಅದೇ.

ನೀರು ಸರಿ ಇದೆ, ಆದರೂ ಒಂದೇ ರಾತ್ರಿಯಲ್ಲಿ ಎಲ್ಲ ಸತ್ತವು

ಗಾಳಿಯನ್ನು ಅನುಮಾನಿಸಿ. ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸಿದ್ದೀರಾ? ಗಲ್ಲಿಯಲ್ಲಿ ಸೊಳ್ಳೆಗೆ ಹೊಗೆ ಬಿಟ್ಟಿದ್ದರಾ? ಈ ಕೀಟನಾಶಕಗಳಲ್ಲಿ ಹೆಚ್ಚಿನವು ನಮಗಿಂತ ಸಿಗಡಿ, ಏಡಿ, ಮೀನಿಗೆ ಎಷ್ಟೋ ಪಟ್ಟು ವಿಷ. ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ನುಗ್ಗಿಸುತ್ತದೆ. ಹೊಗೆಯವರ ಸದ್ದು ಕೇಳಿದ ಕೂಡಲೇ ಕಿಟಕಿ ಹಾಕಿ, ಗಾಳಿಪಂಪು, ಸ್ಕಿಮ್ಮರ್ ನಿಲ್ಲಿಸಿ, ತೊಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ. ಪವರ್‌ಹೆಡ್ ಓಡುತ್ತಿರಲಿ. ಎರಡು ಗಂಟೆ ಕಳೆದು ಕಿಟಕಿ ತೆರೆಯಿರಿ.

ನೀರಿಗೆ ಕೈ ಹಾಕಿದಾಗ ಚುರ್ ಅಂದರೆ ಇನ್ನೇನೂ ಹುಡುಕಬೇಡಿ. ಮೇನ್ ಸ್ವಿಚ್ ಆರಿಸಿ. ಹೀಟರಿನ ಗಾಜು ಬಿರಿದಿರಬಹುದು, ಪಂಪಿನ ವೈರು ಸುಲಿದಿರಬಹುದು. ತೊಟ್ಟಿಯ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರಿಸುವ ಸ್ವಿಚ್) ಇಲ್ಲದೆ ಉಪ್ಪುನೀರು ಇಟ್ಟುಕೊಳ್ಳಬೇಡಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಂದು ಸಲ ಜೋತುಬಿದ್ದು ಮೇಲೆ ಹೋಗಲಿ. ಇಳಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಮೈಮೇಲೆ ಬಿಳಿ ಚುಕ್ಕೆ

ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಎಲ್ಲರೂ ಮೊದಲು ಅನುಮಾನಿಸುವುದು ಇದನ್ನೇ. ಮರಳಿನ ಕಣ, ಗಾಳಿಗುಳ್ಳೆ ಕೂಡ ರೆಕ್ಕೆಗೆ ಅಂಟಿ ಚುಕ್ಕೆಯ ಹಾಗೆ ಕಾಣುತ್ತವೆ. ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಉಪ್ಪಿನ ಹರಳಿನಂಥ ಚುಕ್ಕೆ ಅಲ್ಲೇ ಇದ್ದರೆ ಅದು ಸಮುದ್ರದ ಇಕ್ ಪರೋಪಜೀವಿ. ಕೆಲವು ದಿನದಲ್ಲಿ ಚುಕ್ಕೆ ಮಾಯವಾಗುತ್ತದೆ. ವಾಸಿಯಾಯಿತು ಅಂತ ಖುಷಿಪಡಬೇಡಿ. ಅದು ಮೀನನ್ನು ಬಿಟ್ಟು ಮರಳಿಗಿಳಿದು ಮರಿ ಮಾಡುತ್ತಿರುತ್ತದೆ. ಮೀನುಗಳನ್ನೆಲ್ಲ ಬೇರೆ ಟಬ್ಬಿಗೆ ಹಾಕಿ ತಾಮ್ರದ ಔಷಧಿ ಅಲ್ಲಿ ಕೊಡಿ. ದೊಡ್ಡ ತೊಟ್ಟಿ ಸುಮಾರು 11 ವಾರ ಮೀನಿಲ್ಲದೆ ಇರಲಿ. ಚುಕ್ಕೆ ಇನ್ನೂ ಸಣ್ಣದಾಗಿ, ಹಳದಿ ಧೂಳು ಉದುರಿಸಿದ ಹಾಗಿದ್ದು ಉಸಿರಾಟವೂ ಜೋರಾಗಿದ್ದರೆ ಅದು ವೆಲ್ವೆಟ್ ಅನ್ನುವ ಬೇರೆ ರೋಗ. ಆಗ ನಾಳೆ ಅನ್ನಬೇಡಿ, ಇವತ್ತೇ ಟಬ್ಬಿಗೆ.

ಒಂಬತ್ತನೇ ದಿನ ಭಾವ ಫೋಟೋ ಕಳಿಸಿದರು. ಹೊಸ ರಿಫ್ರ್ಯಾಕ್ಟೋಮೀಟರ್, 35. ಒಂದು ಬಸವನಹುಳು ಸತ್ತಿತ್ತು, ಉಳಿದವು ಗಾಜು ಹತ್ತುತ್ತಿದ್ದವು. ಕೆಳಗೇ ಒಂದು ಪ್ರಶ್ನೆ: "ಕ್ರಾಫರ್ಡ್ ಮಾರ್ಕೆಟ್ ಕಡೆ ಒಬ್ಬ ಹವಳದ ಕಲ್ಲು ಕೊಡ್ತೇನೆ ಅಂತಾನೆ, ರಾಮೇಶ್ವರದ್ದಂತೆ. ತರ್ಲಾ?"

ಬೇಡ ಭಾವ. ನಮ್ಮ ಸಮುದ್ರದ ಹವಳಗಳು, ಸಮುದ್ರಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಸೆರಾಮಿಕ್ ಕಲ್ಲು ಸಾಕು. ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ.